ಮೀನಿನ ತೊಟ್ಟಿಗೆ ಐದು ನಾಡಹೆಂಚು

17 ಜೂನ್ 2007, ಭಾನುವಾರ

ತಂಗಿ ಗೌರಿಯ ಸಾಮಾನು ಹೊತ್ತ ಟೆಂಪೋ ಹನ್ನೊಂದು ಗಂಟೆಗೆ ಬಂತು. ಮೂವತ್ತೆಂಟು ವರ್ಷದ ಸಂಸಾರ ಅರ್ಧ ಟೆಂಪೋ ಕೂಡ ತುಂಬಿರಲಿಲ್ಲ.

1969ರಲ್ಲಿ ಅಪ್ಪ ಅವಳನ್ನು ಹುಣಸೇಕಟ್ಟೆಗೆ ಕೊಟ್ಟದ್ದು ಅಲ್ಲಿಯ ಬಾವಿ ನೋಡಿ. ಬೇಸಿಗೆಯಲ್ಲೂ ಬತ್ತದ ಬಾವಿ. 1983ರಲ್ಲಿ ಅವರ ತೋಟಕ್ಕೆ ಕಣ್ವ-2 ಹಿಪ್ಪುನೇರಳೆ ಕಡ್ಡಿಯನ್ನು ನಾನೇ ನಿಂತು ನೆಡಿಸಿದ್ದೆ. ಈಗ ಬಾವಿ ಇರುವ ಕಡೆ ಕೈಗಾರಿಕಾ ಪ್ರದೇಶದ ನಕ್ಷೆಯಲ್ಲಿ ಎಂಬತ್ತಡಿ ರಸ್ತೆ ಬರೆದಿದೆ. ಮನೆ ಕೆಡವಲು ಜೆಸಿಬಿಗೆ ಒಂದು ಮಧ್ಯಾಹ್ನ ಸಾಕಾಯಿತಂತೆ, ಜೊತೆಗೆ ಕಾವಲಿಗೆ ಪೊಲೀಸರು. ಯಾವ ಕಾರ್ಖಾನೆ ಬರುತ್ತದೆ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಯಾರಿಗೆ ಬೇಕು ಎಂದು ತಿಳಿಯದೆಯೇ ಕಿತ್ತುಕೊಳ್ಳುವುದು ಯಾವ ನ್ಯಾಯ? ಪತ್ರಿಕೆಗೆ ಕಾಗದ ಬರೆದಿದ್ದೇನೆ. ಹಿಂದಿನ ಎರಡನ್ನು ಬಾಲ ಕತ್ತರಿಸಿ ಹಾಕಿದ್ದರು. ಇದನ್ನೂ ಹಾಗೇ ಮಾಡುತ್ತಾರೆ.

ಭಾವ ಈಗಿಲ್ಲ. ಗೌರಿಯ ಮಗ ದಯಾನಂದ ಬಿಡದಿಯ ಕಾರ್ಖಾನೆಯೊಂದರಲ್ಲಿ ಕಾಂಟ್ರ್ಯಾಕ್ಟ್ ಕೆಲಸಕ್ಕಿದ್ದಾನೆ. ನಾಲ್ವರು ಒಂದು ರೂಮಿನಲ್ಲಿ ಮಲಗುತ್ತಾರೆ. ತಾಯಿಗೆ ಅಲ್ಲಿ ಜಾಗ ಎಲ್ಲಿ? ನನ್ನವಳು ಹೋಗಿ ಆರು ವರ್ಷವಾಯಿತು, ಮಕ್ಕಳಿಲ್ಲ, ರಾಮನಗರದ ಮಧ್ಯೆ ತಾರಸಿ ಮನೆಯಿದೆ. ನಾನೇ ಬರಹೇಳಿದೆ.

ಬಂದ ಸಾಮಾನಿನಲ್ಲಿ ಎರಡು ವಿಚಿತ್ರ. ಒಂದು, ಹಳೇ ಸೀರೆಯಲ್ಲಿ ಸುತ್ತಿದ ಐದು ನಾಡಹೆಂಚು. ತಾರಸಿ ಮನೆಗೆ ಹೆಂಚು ತರುವವರುಂಟೇ ಎಂದು ನಕ್ಕೆ. ಅವಳು ಅದನ್ನು ಟ್ರಂಕಿನ ಹಿಂದೆ ತಳ್ಳಿದಳು. ಇನ್ನೊಂದು, ದಯಾನಂದ ಸಾಕಿದ ಆರು ಮೀನು, ಮೂರಡಿಯ ಗಾಜಿನ ತೊಟ್ಟಿ ಸಮೇತ. ತೊಟ್ಟಿಯನ್ನು ಹಾಲಿನಲ್ಲಿ ಬಾಗಿಲ ಪಕ್ಕ ಇಡಿಸಿದೆ.

ಮೊದಲೇ ಹೇಳಿಬಿಡುವುದು ಒಳ್ಳೆಯದೆಂದು ಮನೆಯ ಕ್ರಮ ತಿಳಿಸಿದೆ. ಕಿಟಕಿ ಪಕ್ಕದ ಕುರ್ಚಿ ನನ್ನದು. ಏಳು ಗಂಟೆಗೆ ವಾರ್ತೆ. ಬೀದಿ ಕೋಣೆಯಲ್ಲಿ ನನ್ನ ಪುಸ್ತಕ, ಕಡತ, ಅಲ್ಲಿ ಏನನ್ನೂ ಮುಟ್ಟಬಾರದು. ರೇಷ್ಮೆ ಇಲಾಖೆಯಲ್ಲಿ ಮೂವತ್ತಮೂರು ವರ್ಷ ಇನ್ಸ್‌ಪೆಕ್ಟರಾಗಿದ್ದವನಿಗೆ ಕ್ರಮವಿಲ್ಲದೆ ನಿದ್ದೆ ಬರುವುದಿಲ್ಲ. ಅವಳ ಹಾಸಿಗೆ ಉಗ್ರಾಣದಲ್ಲಿ ಹಾಕಿದ್ದಾಯಿತು. ಎಲ್ಲದಕ್ಕೂ "ಆಗ್ಲಿ ಬುಡಿ ಅಣ್ಣಯ್ಯ" ಅಂದಳು. ಒಳ್ಳೆಯ ಸ್ವಭಾವ. ತೊಂದರೆಯಾಗಲಾರದು.

24 ಜೂನ್, ಭಾನುವಾರ

ಅಂಗಡಿಯವರು ಇವನ್ನು ಚಿಕ್ಲಿಡ್ ಅನ್ನುತ್ತಾರೆ. ವಾಚನಾಲಯದ ವಿಶ್ವಕೋಶದಲ್ಲಿ ಸಿಕ್ಲಿಡ್ ಎಂದಿದೆ. ಆಫ್ರಿಕಾದ ಸರೋವರದ ಮೀನು, ಗಡಸು ನೀರೇ ಬೇಕಂತೆ. ಪಾತ್ರೆಗೆಲ್ಲ ಬಿಳಿ ಕರೆ ಕಟ್ಟುವ ನಮ್ಮ ಬೋರ್‌ವೆಲ್ ನೀರನ್ನು ಮೆಚ್ಚುವ ಒಂದು ಪ್ರಾಣಿಯಾದರೂ ಭೂಮಿಯ ಮೇಲಿದೆ.

ಒಂದು ನೀಲಿ, ಮೈಮೇಲೆ ಕಪ್ಪು ಪಟ್ಟೆ. ಎರಡು ಕಿತ್ತಳೆ ಬಣ್ಣದವು. ಮೂರು ಹಳದಿ. ತೊಟ್ಟಿಯ ನಡುವೆ ಕಲ್ಲಿನ ಒಂದು ಗುಡ್ಡೆ. ಆ ಗುಡ್ಡೆ ನೀಲಿಯದು. ಯಾವ ಮೀನು ಹತ್ತಿರ ಸುಳಿದರೂ ಬಾಣದ ಹಾಗೆ ಬಂದು ಅಟ್ಟುತ್ತದೆ. ಕಚ್ಚುವುದೂ ಉಂಟು. ತನ್ನ ಹೊಟ್ಟೆ ತುಂಬಿದ ಮೇಲೂ ಉಳಿದವಕ್ಕೆ ತಿನ್ನಲು ಬಿಡುವುದಿಲ್ಲ. ಎಲ್ಲಕ್ಕಿಂತ ಸಣ್ಣ ಹಳದಿಗಂತೂ ನೆಲೆಯೇ ಇಲ್ಲ. ಮೇಲೆ ಮೂಲೆಯಲ್ಲಿ, ಫಿಲ್ಟರಿನ ಕೊಳವೆಯ ಹಿಂದೆ, ರೆಕ್ಕೆ ಮಡಚಿ ನಿಂತಿರುತ್ತದೆ. ಬಣ್ಣ ಕೂಡ ಮಾಸಿದೆ. ನೋಡಿದರೆ ರಕ್ತ ಕುದಿಯುತ್ತದೆ. ಮೂರಡಿ ಗಾಜಿನೊಳಗೂ ಬಲಿಷ್ಠನದೇ ರಾಜ್ಯ.

ದಯಾನಂದ ಬಂದಿದ್ದ. "ಹೆಸರೇನಾರ ಇಟ್ಟಿದ್ದೀಯಾ ಅವ್ವ?" ಅಂದ.

"ಆ ನೀಲಿಗೆ ಇಟ್ಟಿವ್ನಿ. ಇನ್ಸ್‌ಪೆಕ್ಟ್ರು."

ಅವನಿಗೆ ಕೆಮ್ಮು ಬಂದು ಹೊರಗೆ ಹೋದ. ಪಾಪ, ಮನೆ ಕೆಡವಿದ ದಿನ ಪೊಲೀಸರ ಜೊತೆ ಬಂದಿದ್ದ ಇನ್ಸ್‌ಪೆಕ್ಟರ್ ಇವಳ ಮನಸ್ಸಿನಿಂದ ಹೋಗಿಲ್ಲ. ಹೋಗುವುದಾದರೂ ಹೇಗೆ?

ಸಂಜೆ ವಾರ್ತೆಯ ಹೊತ್ತಿಗೆ ಅವಳು ಧಾರಾವಾಹಿ ನೋಡುತ್ತಿದ್ದಳು. ನಾನು ಏನೂ ಹೇಳಲಿಲ್ಲ. ಬಂದು ನಿಂತೆ ಅಷ್ಟೆ. ಎದ್ದು ಹೋದಳು.

2 ಜುಲೈ

ಇವತ್ತು ತೊಟ್ಟಿಯನ್ನು ಸರಿಮಾಡಿದೆ. ಹುಳು ಸಾಕುವ ಮನೆಗಳಲ್ಲಿ ಹತ್ತಾರು ಸಾವಿರ ಸಲ ಹೇಳಿದ ಮಾತೇ ಇಲ್ಲಿಗೂ ಸಲ್ಲುತ್ತದೆ: ಒತ್ತೊತ್ತಾಗಿದ್ದರೆ ರೋಗ, ತೆಳುವಾಗಿದ್ದರೆ ಬೆಳೆ. ತಟ್ಟೆಯಲ್ಲಿ ಹುಳು ಜಾಸ್ತಿಯಾದರೆ ಬಿಡಿಸಿ ಹಾಕು. ಕಸಕಡ್ಡಿ ಇಡಬೇಡ. ಬ್ಲೀಚಿಂಗ್ ಪೌಡರ್ ಹಾಕಿ ತೊಳಿ.

ಕಿತ್ತಳೆ ಮೀನೆರಡನ್ನೂ ಫೋಟೋ ಸ್ಟುಡಿಯೋ ಮುನಿರಾಮಯ್ಯನ ತೊಟ್ಟಿಗೆ ದಾನ ಕೊಟ್ಟೆ. ಕಲ್ಲನ್ನೆಲ್ಲ ತೆಗೆದು, ತೊಳೆದು, ಹಿತ್ತಲಿಗೆ ಹಾಕಿದೆ. ಜಗಳಕ್ಕೆ ಮೂಲವಾದ ಗುಡ್ಡೆಯೇ ಇಲ್ಲದಿದ್ದರೆ ಜಗಳವೆಲ್ಲಿ? ಈಗ ನಾಲ್ಕು ಮೀನು, ಶುಭ್ರವಾದ ಮೂರಡಿ ಬಯಲು.

ಗೌರಿ ಅಡುಗೆಮನೆ ಬಾಗಿಲಿಂದ, "ಕಲ್ಲು ಇರ್ಲಿ ಅಣ್ಣಯ್ಯ. ಅವಕ್ಕೂ ಒಸಿ ಮರೆ ಬ್ಯಾಡ್ವಾ?" ಅಂದಳು.

"ಮೂವತ್ತಮೂರು ವರ್ಷ ಜೀವ ಸಾಕೋದು ಹೇಳಿಕೊಟ್ಟವನಿಗೆ ನೀನು ಹೇಳಿಕೊಡ್ತೀಯ?" ಅಂದೆ.

ಒಳಗೆ ಹೋದಳು. ಊಟವನ್ನೂ ಈಗ ಆ ಬಾಗಿಲ ಹಿಂದೆಯೇ ಕೂತು ಮಾಡುತ್ತಾಳೆ. ಹಾಲಿನಲ್ಲಿ ಇಷ್ಟು ಜಾಗವಿದೆ.

5 ಜುಲೈ

ಸಣ್ಣ ಹಳದಿ ಸತ್ತಿದೆ. ಬಾಲ ಇರಲಿಲ್ಲ.

6 ಜುಲೈ

ಗೌರಿ ಅದನ್ನು ಕರಿಬೇವಿನ ಗಿಡದ ಬುಡದಲ್ಲಿ ಹೂತಿದ್ದಾಳೆ. ನನಗೆ ಹೇಳಲಿಲ್ಲ. ಮಣ್ಣು ಕೆದರಿದ್ದು ನೋಡಿ ತಿಳಿಯಿತು.

ಉಳಿದ ಎರಡು ಹಳದಿಗಳಲ್ಲಿ ಒಂದು ಈಗ ಆ ಮೂಲೆಯಲ್ಲಿದೆ, ಅದೇ ಕೊಳವೆಯ ಹಿಂದೆ. ನೀಲಿ ಈ ತುದಿಯಿಂದ ಆ ತುದಿವರೆಗೆ ಬೀಟ್ ಹೊಡೆಯುತ್ತದೆ. ಮೊದಲು ಗುಡ್ಡೆಯೊಂದೇ ಅದರದಾಗಿತ್ತು. ಈಗ ತೊಟ್ಟಿಯೆಲ್ಲ ಅದರದೇ. ಎಲ್ಲಿ ತಪ್ಪಿತು ತಿಳಿಯುತ್ತಿಲ್ಲ.

11 ಜುಲೈ

ಹಿಂದಿನ ಬೀದಿಯಲ್ಲಿ ರೇಷ್ಮೆ ಬಿಚ್ಚುವ ಶೆಡ್ಡಿರುವ ಖುರ್ಷಿದಾ ಸಿಕ್ಕಿದ್ದಳು. ನನ್ನ ಸರ್ವೀಸಿನ ಕಾಲದಿಂದ ಗೊತ್ತು, ಆಗಿನ ಸದರ ಈಗಲೂ ಇದೆ.

"ಏನ್ ಇನ್ಸ್‌ಪೆಕ್ಟ್ರೇ, ನಿಮ್ ತಂಗಿ ದಿನಾ ಮಧ್ಯಾನ ನಮ್ ಶೆಡ್ ಹಿಂದ್ಗಡೆ ಬಂದು ಕೂತ್ಕಂತಾರೆ. ಬೇಯ್ಸಿದ್ ಹುಳದ ನಾತಕ್ಕೆ ನಾವೇ ಮೂಗು ಮುಚ್ಕಂತೀವಿ, ಅವ್ರು ಆರಾಮಾಗ್ ಕೂತವ್ರೆ."

"ಮನೇಲಿ ಫ್ಯಾನ್ ಇದೆ, ಟಿ.ವಿ. ಇದೆ. ಅಲ್ಲೇನು ಕೆಲಸ?"

"ಅದ್ನ ನೀವೇ ಹೇಳ್ಬೇಕು. ಬಂದಾಗ ಇದ್ದಿದ್ರಲ್ಲಿ ಅರ್ಧ ಆಗವ್ರೆ. ನೋಡಿಲ್ವಾ?"

ನೋಡಿಲ್ಲದೆ ಏನು. ಮನೆ ಕಳೆದುಕೊಂಡವರು ಸೊರಗದೆ ಉಬ್ಬುತ್ತಾರೆಯೇ? ಇದಕ್ಕೆಲ್ಲ ಯಾರು ಹೊಣೆ ಎಂದು ಪತ್ರಿಕೆಗೆ ಮತ್ತೊಂದು ಕಾಗದ ಬರೆದೆ.

15 ಜುಲೈ, ಭಾನುವಾರ

ದಯಾನಂದ ಬಂದವನು ತೊಟ್ಟಿ ಮುಂದೆ ನಿಂತುಬಿಟ್ಟ.

"ಮಾವ, ಕಲ್ಲೆಲ್ಲಿ?"

"ತೊಳೆದು ಹಿತ್ತಲಲ್ಲಿ ಇಟ್ಟಿದ್ದೀನಿ."

"ಕಿತ್ಳೆವು?"

"ಮುನಿರಾಮಯ್ಯನಿಗೆ ಕೊಟ್ಟೆ. ಉಳಿದವಕ್ಕೆ ಜಾಗ ಆಗಲಿ ಅಂತ."

ತಲೆ ಮೇಲೆ ಕೈ ಹೊತ್ತ. "ಮಾವ, ಇವು ರೇಷ್ಮೆ ಹುಳ ಅಲ್ಲ. ಹುಳಕ್ಕೆ ನಂದು ನಿಂದು ಅನ್ನೋದು ಗೊತ್ತಿಲ್ಲ, ಬಿಡಿಸಿ ಹಾಕಿದ್ರೆ ತಿನ್ಕೊಂಡು ಬಿದ್ದಿರ್ತವೆ. ಇವಕ್ಕೆ ಬಯಲು ಮಾಡಿಕೊಟ್ರೆ ಬಯಲೆಲ್ಲ ಒಬ್ಬಂದೇ ಆಯ್ತದೆ. ಅಟ್ಟಿಸ್ಕೊಂಡು ಬಂದ್ರೆ ಕಣ್ ತಪ್ಪಿಸ್ಕೊಳ್ಳೋಕೆ ಒಂದು ಸಂದಿನಾದ್ರೂ ಬೇಕಲ್ಲ."

"ಹಾಗಾದರೆ ಇಷ್ಟು ದಿನ ಕಲ್ಲಿತ್ತಲ್ಲ, ಆಗಲೂ ಅಟ್ಟುತ್ತಿತ್ತು."

"ಒಂದೇ ಗುಡ್ಡೆ ಇತ್ತು. ಅದು ನನ್ ತಪ್ಪು. ನಾಕಾರು ಗುಡ್ಡೆ ಇರ್ಬೇಕು, ಒಂದ್ರಿಂದ ನೋಡಿದ್ರೆ ಇನ್ನೊಂದು ಕಾಣಬಾರ್ದು. ಮೀನೂ ಜಾಸ್ತಿ ಇರ್ಬೇಕು. ಹತ್ತಿದ್ರೆ ಯಾರನ್ನ ಅಟ್ಟೋದು ಅಂತ ಇನ್ಸ್‌ಪೆಕ್ಟ್ರಿಗೇ ತಿಳಿಯಾಕಿಲ್ಲ." ಗಾಜಿಗೆ ಬೆರಳಿಟ್ಟು, "ಕೆಟ್ಟ ಮೀನಲ್ಲ ಮಾವ. ತನ್ ಜಾಗ ಹೋಗ್ಬುಟ್ರೆ ಅಂತ ಅದಕ್ಕೂ ಹೆದರಿಕೆ," ಅಂದ.

ಇದನ್ನು ನಾನು ಒಪ್ಪಲಿಲ್ಲ. ಹೊಟ್ಟೆ ತುಂಬಿದವನಿಗೆ ಎಂಥ ಹೆದರಿಕೆ?

ಊಟದ ಹೊತ್ತಿಗೆ ಗೌರಿ ಬಾಗಿಲ ಹಿಂದಿನಿಂದ, "ಸಾತನೂರಿಗೆ ಹೋಗನಾ ಅಂತಿವ್ನಿ. ನಾದ್ನಿ ಕರೀತಾವ್ಳೆ," ಅಂದಳು.

"ಯಾಕೆ?"

"ಮೂರು ಹಸ ಅವಂತೆ. ಅವಳ್ಗೆ ಮಂಡಿನೋವು."

"ಐವತ್ತಾರು ವರ್ಷಕ್ಕೆ ಸಗಣಿ ಬಾಚೋಕೆ, ಡೇರಿಗೆ ಹಾಲು ಹೊರೋಕೆ ಹೋಗ್ತೀಯ? ಇಲ್ಲೇನು ಕಡಿಮೆಯಾಗಿದೆ ನಿನಗೆ?"

"ಕಮ್ಮಿ ಏನಿಲ್ಲ ಅಣ್ಣಯ್ಯ. ಅಲ್ಲಿ ಕೊಟ್ಗೆನಾದ್ರೂ ನನ್ ಕೈಲಿರ್ತದೆ." ಆಮೇಲೆ, "ಗೌರಿ ಹಬ್ಬ ಕಳೀಲಿ, ಹೊಯ್ತೀನಿ."

ದಯಾನಂದ ತಲೆ ಎತ್ತಲಿಲ್ಲ. ಅವನಿಗೆ ಮೊದಲೇ ಗೊತ್ತಿತ್ತು.

ಆ ನಾದಿನಿಯನ್ನು ನಾನು ಬಲ್ಲೆ. 1978ರಲ್ಲಿ ಬಾಣಂತಿ ಗೌರಿಯ ಕೈಲಿ ರಾಗಿ ಬೀಸಿಸಿದವಳು. ಆ ಮಗು ಉಳಿಯಲಿಲ್ಲ. ಗೌರಿ ಮರೆತಿದ್ದಾಳೋ ಏನೋ, ನಾನು ಮರೆತಿಲ್ಲ. ಅಂಥವಳ ಕೊಟ್ಟಿಗೆ ನನ್ನ ಮನೆಗಿಂತ ಮೇಲಾಯಿತೇ?

22 ಜುಲೈ

ಹಬ್ಬಕ್ಕೆ ಇನ್ನು ಐವತ್ತನಾಲ್ಕು ದಿನ.

ದಯಾನಂದನ ಮಾತಿನಂತೆ ನೀಲಿಯನ್ನು ಹಿಡಿದು, ಗಾಳಿ ಕೊಳವೆ ಇಳಿಬಿಟ್ಟ ಪ್ಲಾಸ್ಟಿಕ್ ಬಕೆಟ್ಟಿಗೆ ಹಾಕಿದ್ದೇವೆ. ಎರಡು ವಾರ ಅಲ್ಲಿರಬೇಕಂತೆ. ಶಿಕ್ಷೆಗಲ್ಲ, ಹಳೇ ಜಾಗ ಮರೆಯಲಿ ಅಂತ. ನಾನಾದರೆ ಶಿಕ್ಷೆಗೇ ಹಾಕುತ್ತಿದ್ದೆ.

28 ಜುಲೈ

ನಿನ್ನೆ ಬೆಳಿಗ್ಗೆ ಮಾಗಡಿಗೆ ಹೋಗಿದ್ದೆ, ಜೊತೆಗೆ ಕೆಲಸ ಮಾಡಿದ ಕೆಂಚಯ್ಯನ ತಿಥಿಗೆ. ರಾತ್ರಿ ಅಲ್ಲೇ ಉಳಿದು ಇವತ್ತು ಮಧ್ಯಾಹ್ನದ ಬಸ್ಸಿಗೆ ಬಂದೆ. ಇವತ್ತು ಸಂಜೆಗೆ ಬರುತ್ತೇನೆ ಎಂದು ಹೇಳಿಹೋಗಿದ್ದೆ.

ಮೆಟ್ಟಿಲ ಬಳಿಗೆ ಬಂದಾಗ ಒಳಗೆ ನಗು. ಗೌರಿಯ ನಗು. ಅದನ್ನು ಕೇಳಿ ಎಷ್ಟು ವರ್ಷವಾಯಿತೆಂದು ಲೆಕ್ಕ ಹಾಕುತ್ತ ನಿಂತೆ. ಭಾವ ತೀರಿಕೊಳ್ಳುವ ಮೊದಲಿನದು. ಖುರ್ಷಿದಾಳ ಸ್ವರವೂ ಇತ್ತು. ಉಪ್ಸಾರಿನ ವಾಸನೆ ಬೀದಿಗೆ ಬರುತ್ತಿತ್ತು. ನನಗೆ ಬೆಳ್ಳುಳ್ಳಿ ಖಾರ ಆಗದೆಂದು ಈ ಮನೆಯಲ್ಲಿ ಉಪ್ಸಾರು ಮಾಡುವುದಿಲ್ಲ.

ಚಪ್ಪಲಿ ಬಿಟ್ಟೆ. ಆ ಸದ್ದಿಗೆ ನಗು ನಿಂತಿತು.

ಒಳಗೆ ಹೋದಾಗ ಖುರ್ಷಿದಾ ಎದ್ದು ನಿಂತಿದ್ದಳು. ಗೌರಿ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗಿಯೇಬಿಟ್ಟಿದ್ದಳು. ನಾನು ಏನೂ ಅಂದಿರಲಿಲ್ಲ. ನಿಜವಾಗಿ ಏನೂ ಅಂದಿರಲಿಲ್ಲ.

ಕುರ್ಚಿಯಲ್ಲಿ ಕೂತು ತೊಟ್ಟಿ ನೋಡಿದೆ. ಕೊಳವೆಯ ಹಿಂದಿದ್ದ ಹಳದಿ ಕೆಳಗಿಳಿದು ಮರಳು ಕೆದಕುತ್ತಿತ್ತು. ರೆಕ್ಕೆ ಬಿಚ್ಚಿತ್ತು. ಹಳದಿ ಅಂದರೆ ಚೆಂಡುಹೂವಿನ ಹಳದಿ. ಇಷ್ಟು ದಿನ ಅದು ಬಿಳಿಚು ಜಾತಿಯದೇ ಎಂದುಕೊಂಡಿದ್ದೆ.

ಬಕೆಟ್ಟಿನಲ್ಲಿ ನೀಲಿ ಒಂದೇ ಕಡೆ ನಿಂತಿತ್ತು. ಅಟ್ಟಲು ಯಾರೂ ಇಲ್ಲ. ಅದರ ಬಣ್ಣವೂ ಇಳಿದಿತ್ತು.

29 ಜುಲೈ

ಉಪ್ಸಾರು ಇದ್ದರೆ ನನಗೂ ಒಸಿ ಹಾಕು ಅಂದೆ. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಚೆನ್ನಾಗಿತ್ತು.

5 ಆಗಸ್ಟ್, ಭಾನುವಾರ

ಇಡೀ ದಿನ ತೊಟ್ಟಿಯ ಕೆಲಸ.

ಮೊದಲು ಮುನಿರಾಮಯ್ಯನ ಹತ್ತಿರ ಹೋದೆ. "ಕೊಟ್ಟ ದಾನ ವಾಪಸ್ ಕೇಳ್ತಾರೇನ್ರೀ ಇನ್ಸ್‌ಪೆಕ್ಟ್ರೇ," ಅಂತ ಅಂಗಡಿಯಲ್ಲಿದ್ದವರ ಮುಂದೆಲ್ಲ ಆಡಿದ. ನನ್ನ ಜೀವಮಾನದಲ್ಲಿ ಹಾಗೆ ಕೇಳಿದವನಲ್ಲ. ಕೇಳಿ ತಂದೆ. ದಯಾನಂದ ಬೆಂಗಳೂರಿಂದ ಇನ್ನೈದು ತಂದಿದ್ದ.

ಬಾಗಿಲ ಪಕ್ಕ ಬಿಸಿಲು ಬಿದ್ದು ಪಾಚಿ ಕಟ್ಟುತ್ತದೆ, ತೊಟ್ಟಿ ಬೇರೆ ಕಡೆ ಇಡಬೇಕು ಅಂದ. ಬಿಸಿಲು ಬೀಳದೆ, ಪ್ಲಗ್ಗೂ ಇರುವ ಗೋಡೆ ಹಾಲಿನಲ್ಲಿ ಒಂದೇ, ನನ್ನ ಕುರ್ಚಿಯ ಹಿಂದಿನದು. ಮೂವರೂ ಕುರ್ಚಿ ನೋಡುತ್ತ ನಿಂತೆವು. ಕೊನೆಗೆ ನಾನೇ ಎತ್ತಿ ಜಗುಲಿಗೆ ಹಾಕಿದೆ. ಸದ್ಯಕ್ಕೆ.

ಹಿತ್ತಲ ಕಲ್ಲು ತಂದು ಜೋಡಿಸಿದರೆ ನಿಲ್ಲುತ್ತಿಲ್ಲ. ನಾನೊಂದು ಥರ ಇಟ್ಟೆ, ಜರಿಯಿತು. ದಯಾನಂದ ಇನ್ನೊಂದು ಥರ ಇಟ್ಟ, ಅದೂ ಜರಿಯಿತು. ಗೌರಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಏನೋ ಹೇಳಬೇಕೆಂದು ಬಾಯಿ ತೆರೆದಳು, ಮುಚ್ಚಿದಳು.

"ಏನು, ಹೇಳು," ಅಂದೆ.

ಉಗ್ರಾಣಕ್ಕೆ ಹೋಗಿ ಸೀರೆಯ ಗಂಟು ತಂದಳು. ಐದು ನಾಡಹೆಂಚು. ಅರ್ಧ ಕೊಳವೆಯ ಹಾಗೆ ಬಾಗಿದ ಹಳೇ ಕುಂಬಾರ ಹೆಂಚು, ಬೋರಲು ಹಾಕಿದರೆ ಒಂದೊಂದೂ ಒಂದೊಂದು ಗುಹೆ.

"ಅವ್ವ, ನಮ್ಮನೇದಲ್ವಾ ಇವು?" ಅಂದ ದಯಾನಂದ.

"ನಡುಮನೇವು. ಜೆಸಿಬಿ ಬರಕ್ಕೆ ಮುಂಚೆ ಏಣಿ ಹಾಕಿ ಇಳಿಸ್ಕೊಂಡೆ. ಐದೇ ಕೈಗೆ ಸಿಕ್ಕಿದ್ದು."

"ಒಡೆದು ಗಿಡೆದಾವು, ಇರಲಿ ಬಿಡು," ಅಂದೆ.

"ಟ್ರಂಕಿನ ಹಿಂದ್ಗಡೆ ಇದ್ರೆ ಅವುಕ್ಕೇನು ಬಂತು? ಯಾರ್ಗಾರ ಸೂರಾಗ್ಲಿ."

ಸೆರಗು ಸಿಕ್ಕಿಸಿ, ಮೊಳಕೈವರೆಗೆ ಕೈಯನ್ನು ತೊಟ್ಟಿಗಿಳಿಸಿ ಕಟ್ಟಿದಳು. ಹೊಲದ ಬದುವಿಗೆ ಕಲ್ಲು ಜೋಡಿಸಿದ ಕೈ. ಇಲ್ಲೊಂದು ಹೆಂಚು, ಅದರ ಮೇಲೆ ಕಲ್ಲು, ಅತ್ತ ತಿರುಗಿಸಿ ಇನ್ನೊಂದು. ಮಧ್ಯೆ "ನೀನ್ ಒಸಿ ಅಡ್ಡ ಬರಬ್ಯಾಡ, ಆ ಚಪ್ಪಟೆ ಕಲ್ಲು ಕೊಡು," ಅಂದಳು. ಕೊಟ್ಟೆ. ಒಂದು ಗಂಟೆ ಅವಳು ಕೇಳಿದ ಕಲ್ಲು ಕೊಡುತ್ತ ನಿಂತಿದ್ದೆ.

ನೀರು ತುಂಬಿ, ಬೇರೆ ಮೀನೆಲ್ಲ ಬಿಟ್ಟು, ಕೊನೆಗೆ ನೀಲಿಯನ್ನು ಬಿಟ್ಟೆವು.

6 ಆಗಸ್ಟ್

ನೀಲಿ ನಿನ್ನೆಯೆಲ್ಲ ತನ್ನ ಗುಡ್ಡೆ ಹುಡುಕಿತು. ನಡುವಿಗೆ ಬರುತ್ತದೆ, ನಿಲ್ಲುತ್ತದೆ, ಸುತ್ತ ನೋಡುತ್ತದೆ. ಗುರುತು ಸಿಗುವುದಿಲ್ಲ. ಇವತ್ತು ಎಡಗಡೆಯ ಒಂದು ಹೆಂಚಿನ ಕೆಳಗೆ ಸೇರಿಕೊಂಡಿದೆ. ಯಾರಾದರೂ ಹೆಂಚಿನ ಬಾಯಿಗೆ ಬಂದರೆ ಅಟ್ಟುತ್ತದೆ, ಒಂದು ಗೇಣು ದೂರ. ಅವು ಕಲ್ಲಿನ ಮರೆಗೆ ಹೋದೊಡನೆ ಮರೆತು ವಾಪಸ್ ಬರುತ್ತದೆ. ಉಳಿದವು ಅವವುಗಳ ಸಂದಿಯಲ್ಲಿ.

ಅಟ್ಟುವುದು ನಿಂತಿಲ್ಲ. ನಿಲ್ಲುವುದೂ ಇಲ್ಲವಂತೆ. ಆದರೆ ಯಾರೂ ಕೊಳವೆಯ ಹಿಂದಿಲ್ಲ.

30 ಆಗಸ್ಟ್

ರಾಮನಗರ ಜಿಲ್ಲೆಯಾಗಿದೆ. ಪಟಾಕಿ, ಬ್ಯಾನರು. ಜಿಲ್ಲೆಯಾದರೆ ಇನ್ನೆಷ್ಟು ಹುಣಸೇಕಟ್ಟೆಗಳು ಹೋಗಲಿವೆಯೋ. ಹೋದ ವಾರ ಈ ವಿಷಯ ಬರೆಯಲು ಕಡತ ತೆಗೆದರೆ ಬೀದಿ ಕೋಣೆಯ ಗೋಡೆ ತೇವ. ಕೆಳಗಿನ ಸಾಲಿನ ಪುಸ್ತಕಕ್ಕೆ ಬೂಷ್ಟು ಹಿಡಿದಿತ್ತು. ಉಗ್ರಾಣವಾದರೆ ಒಣ ಜಾಗ. ಪುಸ್ತಕದ ದೃಷ್ಟಿಯಿಂದ ಅಲ್ಲಿಗೆ ಸಾಗಿಸುವುದೇ ಸರಿ ಎಂದು ಸಾಗಿಸಿದೆ.

ಮೂರು ದಿನ ಹಿಡಿಯಿತು. ಬೀರು ಸರಿಸಿದಾಗ ಹಿಂದೆ ಬೀದಿಗೆ ತೆರೆಯುವ ಬಾಗಿಲು. 1991ರಿಂದ ಮುಚ್ಚಿದ್ದು. ಎಣ್ಣೆ ಬಿಟ್ಟು ತೆಗೆದರೆ ಗಾಳಿ ಬೆಳಕು ನುಗ್ಗಿತು. ಎರಡು ಬಿಸಿಲಿಗೆ ಗೋಡೆಯೂ ಆರಿತು. ಆರಿತೆಂದು ಪುಸ್ತಕವನ್ನು ಮತ್ತೆ ಹೊರುವ ಶಕ್ತಿ ನನಗಿಲ್ಲ. ಉಗ್ರಾಣ ತುಂಬಿದ್ದರಿಂದ ಗೌರಿಯ ಹಾಸಿಗೆಯನ್ನು ಬೀದಿ ಕೋಣೆಗೆ ಹಾಕಬೇಕಾಯಿತು. ನನ್ನ ಹಳೇ ಮಂಚವನ್ನೂ ಅಲ್ಲಿಗೇ ಹಾಕಿಸಿದೆ. ಅವಳು ಗೋಡೆಗೆ ಭಾವನ ಫೋಟೋ ಮೊಳೆ ಹೊಡೆದಳು. ಗೋಡೆಗೆ ಮೊಳೆ ಹೊಡೆಯುವ ಮುಂಚೆ ಕೇಳಬೇಕಿತ್ತು.

11 ಸೆಪ್ಟೆಂಬರ್

ಸಾತನೂರಿಂದ ಫೋನು. ಹಬ್ಬ ಕಳೆದ ಭಾನುವಾರ ಬರುತ್ತಾಳೋ ಇಲ್ಲವೋ ಎಂದು ನಾದಿನಿ ಕೇಳುತ್ತಿದ್ದಳು. ಗೌರಿ "ನೋಡ್ತೀನಿ" ಅಂದಳು. ಏನು ನೋಡುತ್ತಾಳೆ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.

13 ಸೆಪ್ಟೆಂಬರ್

ಮೂವತ್ತೆಂಟು ವರ್ಷ ತಪ್ಪಿಸಿಲ್ಲ. ಪ್ರತಿ ಗೌರಿ ಹಬ್ಬಕ್ಕೂ ಮೊದಲ ಬಸ್ಸು ಹಿಡಿದು, ಕನಕಪುರದಲ್ಲಿ ಇಳಿದು, ಇನ್ನೊಂದು ಹತ್ತಿ ಹುಣಸೇಕಟ್ಟೆಗೆ ತವರಿನ ಸೀರೆ ಒಯ್ಯುತ್ತಿದ್ದೆ. ಭಾವ ತೀರಿಕೊಂಡ ವರ್ಷ ಮೊರದ ಬಾಗಿನ ನಿಂತಿತು, ಆದರೆ ಸೀರೆ ನಿಲ್ಲಿಸಬೇಡ ಎಂದು ಅವ್ವ ಹೇಳಿದ್ದಳು. "ಹೆಣ್ಣುಮಗಳ ಬಾಗ್ಲಿಗೆ ತವರು ವರ್ಷಕ್ಕೊಂದ್ಸಲನಾದ್ರೂ ಬರ್ಬೇಕು ಕಣಪ್ಪ, ಅವಳಿಗೆ ಒಂದು ಬಾಗ್ಲೈತೆ ಅಂತ ಊರಿಗೆ ಗೊತ್ತಾಗ್ಬೇಕು."

ಸೀರೆ ತಂದಿದ್ದೇನೆ. ಎಲ್ಲಿಗೆ ಒಯ್ಯಲಿ? ಅಡುಗೆಮನೆಗೆ ಹೋಗಿ ತಗೋ ಎಂದು ಕೈಗಿಟ್ಟರೆ ಅದು ತವರಿನ ಸೀರೆಯಾಗುವುದಿಲ್ಲ, ಮನೆಯಲ್ಲಿರುವವರಿಗೆ ಕೊಡಿಸಿದ ಬಟ್ಟೆಯಾಗುತ್ತದೆ.

14 ಸೆಪ್ಟೆಂಬರ್, ಶುಕ್ರವಾರ

ಬೆಳಿಗ್ಗೆ ಸ್ನಾನ ಮಾಡಿ ಬಿಳಿ ಪಂಚೆ ಉಟ್ಟೆ. ತಟ್ಟೆಯಲ್ಲಿ ಸೀರೆ, ತೆಂಗಿನಕಾಯಿ, ಬಾಳೆಹಣ್ಣು, ಎಲೆ ಅಡಿಕೆ ಇಟ್ಟುಕೊಂಡು ಹಿತ್ತಲ ಬಾಗಿಲಿಂದ ಹೊರಬಿದ್ದೆ. ಖುರ್ಷಿದಾಳ ಶೆಡ್ಡಿನ ಮುಂದೆ ಹಾಯ್ದು, ಬೀದಿ ಸುತ್ತಿ, ಮನೆಯ ಮುಂದಕ್ಕೆ ಬಂದು ಬೀದಿ ಕೋಣೆಯ ಬಾಗಿಲು ತಟ್ಟಿದೆ. ಎದುರುಮನೆಯವರು ನೋಡುತ್ತಿದ್ದರು. ನನ್ನ ಮನೆಯ ಬಾಗಿಲು ನಾನು ತಟ್ಟಿದ್ದು ಇದೇ ಮೊದಲು.

"ಯಾರು?"

"ತವರಿಂದ ಬಂದಿದ್ದೀನಿ."

ಕಾದೆ. ಬಾಗಿಲು ತೆರೆಯಿತು. ಗೌರಿ ತಟ್ಟೆ ನೋಡಿದಳು, ನನ್ನ ಪಂಚೆ ನೋಡಿದಳು, ಬೀದಿಯ ಎರಡೂ ಕಡೆ ನೋಡಿದಳು.

"ಇಷ್ಟೊತ್ತಾ ಬರಾದು?" ಅಂದಳು. "ಕನಕಪುರದಲ್ಲಿ ಬಸ್ ತಪ್ಪೋಯ್ತಾ?"

"ರಷ್ ಇತ್ತು," ಅಂದೆ.

"ಬಾ ಒಳಕ್ಕೆ. ಕೂತ್ಕೋ."

ಮಂಚದ ಅಂಚಿನಲ್ಲಿ ಕೂತೆ. ಹುಣಸೇಕಟ್ಟೆಯಲ್ಲಿ ಕೊಡುತ್ತಿದ್ದ ಹಾಗೆಯೇ ಬೆಲ್ಲ, ನೀರು ತಂದುಕೊಟ್ಟಳು. ತಟ್ಟೆ ತಗೊಂಡು ಸೀರೆಯನ್ನು ಕಣ್ಣಿಗೊತ್ತಿಕೊಂಡಳು. ಭಾವನ ಫೋಟೋಗೆ ಮೊಳೆ ಒಳ್ಳೆಯ ಕಡೆಯೇ ಹೊಡೆದಿದ್ದಾಳೆ, ಬೆಳಕು ಬೀಳುತ್ತದೆ. ನಾನು ಏಳಲು ಹೋದಾಗ, "ಯಾವ್ ಬಸ್ಸೈತೆ ಈಗ? ಉಂಡ್ಕೊಂಡು ಹೋಗು," ಅಂದಳು.

16 ಸೆಪ್ಟೆಂಬರ್, ಭಾನುವಾರ

ಪತ್ರಿಕೆಯಲ್ಲಿ ನನ್ನ ಕಾಗದ ಬಂದಿದೆ. ಕೊನೆಯ ಪ್ಯಾರಾ ಕತ್ತರಿಸಿದ್ದಾರೆ. ಬರೆಯಬೇಕು ಇವರಿಗೆ.

ಸಾತನೂರಿನ ಫೋನು ಬಂದಾಗ ಜಗುಲಿಯಲ್ಲಿದ್ದೆ. ಗೌರಿ ಹೇಳುತ್ತಿದ್ದದ್ದು ಕಿಟಕಿಯಿಂದ ಕೇಳಿಸಿತು. "ಇಲ್ಲ ಕನವ್ವ, ಬರಕ್ಕಾಗಾಕಿಲ್ಲ. ನಮ್ಮನೇಲಿ ಮೀನವೆ, ಅಣ್ಣಯ್ಯನೂ ಅವ್ನೆ. ಹೊತ್ತೊತ್ಗೆ ಹಾಕ್ದಿದ್ರೆ ಒಂದನ್ನೊಂದು ಅಟ್ಕೊಂಡು ತಿರುಗ್ತವೆ."

ಜಗುಲಿಯಲ್ಲಿ ಸಂಜೆ ಬೆಳಕು ಚೆನ್ನಾಗಿರುತ್ತದೆ, ಬರೆಯಲು ಅನುಕೂಲ. ಇಷ್ಟು ವರ್ಷ ಯಾಕೆ ಒಳಗೆ ಕೂರುತ್ತಿದ್ದೆನೋ. ಏಳು ಗಂಟೆಯಾಯಿತು. ಒಳಗೆ ಧಾರಾವಾಹಿ ಓಡುತ್ತಿದೆ, ಸದ್ದೂ ಜಾಸ್ತಿ. ವಾರ್ತೆಯ ಹೊತ್ತು ಎಂದು ಹೇಳಬೇಕು. ನಾಳೆ ಹೇಳುತ್ತೇನೆ.